ಜೂನ್ 15ಕ್ಕೆ ಮುಂಚೆ

ಪ್ರೀತಿಯ ಪುಟ್ಟಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಹತ್ತನೇ ತರಗತಿ ಮುಗಿಯುತ್ತಾ ಬಂತು. ಜೂನ್ 15ರಿಂದ ಇಲ್ಲಿನ ಅಮೆರಿಕನ್ ಕಾಲೇಜುಗಳ ಐಸ್ ಹಾಕಿ ಕೋಚ್‌ಗಳು ನಿನಗೆ ನೇರವಾಗಿ ಫೋನ್ ಮಾಡಬಹುದು. ಯಾರ ಫೋನ್ ಬರುತ್ತದೋ ಅಂತ ನೀನು ನಿದ್ದೆಗೆಟ್ಟಿದ್ದೀಯ, ಅಪ್ಪ ಆಟ ಬಿಟ್ಟು ಎಂಜಿನಿಯರಿಂಗ್ ಓದಲಿ ಅಂತ ಮುಖ ಗಂಟಿಕ್ಕಿದ್ದಾರೆ ಎಂದು ನಿಮ್ಮಮ್ಮ ಹೇಳಿದಳು. ಈ ಪತ್ರ ಅಪ್ಪನಿಗೂ ಓದಲು ಕೊಡು.

ನಾನು ಹೇಳಬೇಕಾದದ್ದು ಇಷ್ಟೇ: ದೊಡ್ಡ ಹೆಸರಿನ ಕಾಲೇಜಿಗೆ ಮರುಳಾಗಬೇಡ. ಎಲ್ಲಿ ನಿನ್ನನ್ನು ಆಡಿಸುತ್ತಾರೋ, ಎಲ್ಲಿ ನಿನಗೆ ಬೇಕಾದ ಓದು ಇದೆಯೋ ಅಲ್ಲಿಗೆ ಹೋಗು. ಮಿನೆಸೋಟಾ ವಿಶ್ವವಿದ್ಯಾಲಯದ ಹುಡುಗಿಯರ ತಂಡ ಆಡುವ ರಿಡರ್ ಅರೀನಾಕ್ಕೆ ಕಾಲಿಟ್ಟಾಗಲೆಲ್ಲ ನಿನ್ನ ಕಣ್ಣು ಅರಳುವುದನ್ನು ನೋಡಿದ್ದೇನೆ. ಆ ತಂಡಕ್ಕೆ ಸೇರಿ ನಾಲ್ಕು ವರ್ಷ ಗ್ಯಾಲರಿಯಲ್ಲೇ ಕೂತರೆ ನಿನ್ನ ಆಟ ಬೆಳೆಯುವುದಾದರೂ ಹೇಗೆ? ನೀನು ಆಡುವ ಡಿಫೆನ್ಸ್‌ನಲ್ಲಿ ಒಂದು ಪಂದ್ಯಕ್ಕೆ ಇಳಿಯುವುದೇ ಆರೇಳು ಜನ.

ಮ್ಯಾಡಿ ರೂನಿಯನ್ನು ನೋಡು. ಆಂಡೋವರ್ ಹೈಸ್ಕೂಲಿನ ಕೊನೆಯ ವರ್ಷ ಹುಡುಗರ ತಂಡದಲ್ಲೇ ಗೋಲ್‌ಕೀಪರ್ ಆಗಿ ನಿಂತಳು. ಆಮೇಲೆ ಡುಲುತ್‌ನ ಮಿನೆಸೋಟಾ ವಿಶ್ವವಿದ್ಯಾಲಯಕ್ಕೆ ಹೋಗಿ ಎರಡು ಸೀಸನ್ ಆಡಿದಳು. 2018ರ ಒಲಿಂಪಿಕ್ ಫೈನಲ್‌ನಲ್ಲಿ ಶೂಟೌಟ್ ತನಕ ಹೋದ ಪಂದ್ಯದಲ್ಲಿ ಕೆನಡಾವನ್ನು ತಡೆದು ಅಮೆರಿಕಕ್ಕೆ ಚಿನ್ನ ಗೆಲ್ಲಿಸಿದಾಗ ಅವಳಿಗೆ ಇಪ್ಪತ್ತು ವರ್ಷ.

ಕೈಬಿಟ್ಟರೆ ಕುಸಿಯಬೇಡ ಅನ್ನುವುದಕ್ಕೆ ಟೇಲರ್ ಹೈಸ್ ಇದ್ದಾಳೆ. ಲೇಕ್ ಸಿಟಿಯ ಹುಡುಗಿ, ರೆಡ್ ವಿಂಗ್ ಹೈಸ್ಕೂಲಿಗೆ ಆಡಿದವಳು. 2022ರ ಒಲಿಂಪಿಕ್ ತಂಡದಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ಅದೇ ವರ್ಷ ಕಾಲೇಜು ಹಾಕಿಯ ಅತ್ಯುನ್ನತ ಪ್ಯಾಟಿ ಕ್ಯಾಜ್‌ಮೈಯರ್ ಪ್ರಶಸ್ತಿಯೂ ಬಂತು, ವಿಶ್ವ ಚಾಂಪಿಯನ್‌ಶಿಪ್‌ನ ಶ್ರೇಷ್ಠ ಆಟಗಾರ್ತಿ ಪಟ್ಟವೂ ಬಂತು. 2023ರಲ್ಲಿ ಮಹಿಳೆಯರ ವೃತ್ತಿಪರ ಲೀಗ್‌ನ ಮೊಟ್ಟಮೊದಲ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಆಟಗಾರ್ತಿಯರನ್ನು ಆರಿಸಿಕೊಳ್ಳುವಾಗ, ಮೊದಲ ಹೆಸರೇ ಅವಳದು.

ಇನ್ನು ಆ ವೃತ್ತಿಪರ ಲೀಗ್. 2024ರ ಜನವರಿಯಲ್ಲಿ ಆರು ತಂಡಗಳಿಂದ ಶುರುವಾಗಿ 2025-26ರ ಸೀಸನ್‌ಗೆ ಎಂಟಾಯಿತು. ತಂಡಕ್ಕೆ 23 ಜನ, ಆಗ ಒಟ್ಟು ಇನ್ನೂರೂ ಇರಲಿಲ್ಲ. ಅಷ್ಟು ಜಾಗಕ್ಕೆ ಅಮೆರಿಕ, ಕೆನಡಾ, ಯುರೋಪಿನವರೆಲ್ಲ ಪೈಪೋಟಿ. ಮೊದಲ ಸೀಸನ್‌ನಲ್ಲಿ ಕನಿಷ್ಠ ಸಂಬಳ 35,000 ಡಾಲರ್. ನಮ್ಮ ಮಿನೆಸೋಟಾ ತಂಡ ಮೊದಲೆರಡು ವರ್ಷವೂ ಲೀಗ್‌ನ ಟ್ರೋಫಿಯಾದ ವಾಲ್ಟರ್ ಕಪ್ ಗೆದ್ದಾಗ ನಾವೆಲ್ಲ ಕುಣಿದೆವು, ಆದರೆ ಆ ಸಂಬಳದಲ್ಲಿ ಈ ಊರಿನಲ್ಲಿ ಬಾಡಿಗೆ ಕಟ್ಟಿ ಬದುಕುವುದು ಕಷ್ಟ. ಆದ್ದರಿಂದ ನಿನ್ನಪ್ಪನ ಆತಂಕ ಸುಳ್ಳಲ್ಲ. ಆದರೆ ಆಟ ಬಿಡಿಸಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಈ ದಾರಿಯಲ್ಲಿ ಓದದೆ ಆಟವೇ ಇಲ್ಲ. ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ ಒನ್‌ಗೆ ಹೈಸ್ಕೂಲಿನಲ್ಲಿ ಹದಿನಾರು ಮುಖ್ಯ ವಿಷಯಗಳ ಕೋರ್ಸ್ ಮುಗಿಸಿರಬೇಕು, ಅದರಲ್ಲಿ ಹತ್ತನ್ನು, ಹನ್ನೆರಡನೇ ತರಗತಿ ಶುರುವಾಗುವ ಮುಂಚೆಯೇ. ನಿನ್ನ ಕೆಮಿಸ್ಟ್ರಿ ಅಂಕ ನನಗೆ ಗೊತ್ತು, ಮಗಳೇ. ಈ ಬೇಸಿಗೆ ಅದನ್ನು ಸರಿಮಾಡು.

ಹುಡುಗರ ಜೊತೆ ಹೋಲಿಸಿಕೊಳ್ಳಬೇಡ. ಅವರಲ್ಲಿ ಬಹಳಷ್ಟು ಜನ ಜೂನಿಯರ್ ಲೀಗ್‌ನಲ್ಲಿ ಒಂದೆರಡು ವರ್ಷ ಕಳೆದು ಕಾಲೇಜಿಗೆ ಬರುತ್ತಾರೆ. ನೀನು ಹೈಸ್ಕೂಲಿನಿಂದ ನೇರ ಹೋಗುವವಳು.

ಕೆಳಗಿನ ಹಂತದ ಡಿವಿಷನ್ ತ್ರೀ ಅಂದರೆ ಮೂಗು ಮುರಿಯಬೇಡ. ಅಲ್ಲಿ ಆಟಕ್ಕೆ ಸ್ಕಾಲರ್‌ಶಿಪ್ ಇಲ್ಲ, ನಿಜ. ಅಂಕಗಳಿಗೆ ಸಿಗುವ ನೆರವು ಇದೆ. ಸೇಂಟ್ ಪೀಟರ್‌ನ ಗಸ್ಟೇವಸ್ ಅಡಾಲ್ಫಸ್ ಕಾಲೇಜಿನ ಹುಡುಗಿಯರು 2023ರಲ್ಲಿ ರಾಷ್ಟ್ರೀಯ ಚಾಂಪಿಯನ್ನರಾದರು. ಚೆನ್ನಾಗಿ ಓದಿಸುವ ಕಾಲೇಜು ಅದು.

ಕೋಚ್ ಫೋನ್ ಮಾಡಿದಾಗ ಹೊಗಳಿಕೆಗೆ ಉಬ್ಬದೆ ಕೇಳು: ನಾನು ಬರುವ ವರ್ಷ ಎಷ್ಟು ಡಿಫೆನ್ಸ್ ಆಟಗಾರ್ತಿಯರು ಪದವಿ ಮುಗಿಸಿ ಹೊರಡುತ್ತಾರೆ? ಕಳೆದ ಸೀಸನ್‌ನಲ್ಲಿ ಮೊದಲ ವರ್ಷದವರು ಎಷ್ಟು ಪಂದ್ಯ ಆಡಿದರು? ಲ್ಯಾಬ್ ಇರುವ ದಿನ ಅಭ್ಯಾಸ ಹೇಗೆ? ಗಾಯವಾದರೆ ಸ್ಕಾಲರ್‌ಶಿಪ್ ಉಳಿಯುತ್ತದೆಯೇ? ಉತ್ತರ ತಡವರಿಸಿದರೆ ಆ ಕಾಲೇಜನ್ನು ಪಟ್ಟಿಯ ಕೆಳಗೆ ಇಳಿಸು.

ಶನಿವಾರ ಊಟಕ್ಕೆ ಬರುವಾಗ ಹತ್ತು ಕಾಲೇಜುಗಳ ಪಟ್ಟಿ ಬರೆದು ತಾ, ಮೂರಾದರೂ ಡಿವಿಷನ್ ತ್ರೀ ಇರಲಿ. ಲ್ಯಾಪ್‌ಟಾಪೂ ತಾ. ನಿನ್ನ ಆಟದ ವಿಡಿಯೊ ಜೋಡಿಸಿ ಕೋಚ್‌ಗಳಿಗೆ ಮೇಲ್ ಕಳಿಸುವ ಕೆಲಸ ಇಬ್ಬರೂ ಕೂತು ಮುಗಿಸೋಣ. ಅಪ್ಪನನ್ನೂ ಕರೆದುಕೊಂಡು ಬಾ.

ನಿನ್ನ
ದೊಡ್ಡಮ್ಮ