ಹಳೇ ಕಾಗದಗಳನ್ನ ರದ್ದಿಗೆ ಹಾಕ್ಬೇಡಿ

ಮಾನ್ಯ ಸಂಪಾದಕರೇ,

ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೇ ನಮ್ಮಜ್ಜ ಬರೆದ ಇನ್‌ಲ್ಯಾಂಡ್ ಲೆಟರ್‌ಗಳ ಮೇಲೆಲ್ಲ ಚಿತ್ರದುರ್ಗ ಜಿಲ್ಲೆ ಅಂತಾನೇ ಇದೆ, ಆದ್ರೆ ನಾನು ಹೇಳ್ಬೇಕಿರೋದು ಆ ಅಕ್ಷರದ ಬಗ್ಗೆ. ಮೇಲೆ ಶ್ರೀ, ಆಮೇಲೆ ತೀರ್ಥರೂಪು ತಂದೆಯವರಿಗೆ ಅಂತ ಶುರು, ನಿಬ್ಬು ಒತ್ತಿದ ಕಡೆ ಗೆರೆ ದಪ್ಪ, ಎತ್ತಿದ ಕಡೆ ಕೂದಲೆಳೆಯಷ್ಟು ಸಣ್ಣ, ದೀರ್ಘದ ಬಾಲ ಮುಂದಿನ ಪದದ ತನಕ ಎಳೆದಿರ್ತಾರೆ, ಜಾಗ ಮುಗಿದ್ರೆ ಮಾರ್ಜಿನ್‌ನಲ್ಲಿ ಅಡ್ಡಡ್ಡ ಬರೆದು ಅಂಟಿಸೋ ಮಡಿಕೆನೂ ಬಿಟ್ಟಿಲ್ಲ. ಎಂಥ ಕಲೆ ಇದು! ಈಗ ಮನೆ ಖಾಲಿ ಮಾಡುವಾಗ ಜನ ಇವನ್ನೆಲ್ಲ ರದ್ದಿಗೆ ಹಾಕ್ತಿದಾರೆ, ನೋಡಿ ಸಂಕಟ ಆಗುತ್ತೆ. ದಯವಿಟ್ಟು ಇಟ್ಕೊಳ್ಳಿ, ಲ್ಯಾಮಿನೇಷನ್ ಮಾತ್ರ ಬೇಡ, ಆ ಬಿಸಿಗೆ ಹಳೇ ಕಾಗದ ಹಾಳಾಗುತ್ತೆ, ಮತ್ತೆ ಬಿಚ್ಚೋಕೂ ಆಗಲ್ಲ. ನಿಮ್ಮ ಪೇಪರ್‌ನಲ್ಲೂ ವಾರಕ್ಕೊಂದು ಇಂಥ ಕಾಗದದ ಫೋಟೋ ಹಾಕಿ ಸಾರ್.

– ಒಬ್ಬ ಓದುಗ, ದಾವಣಗೆರೆ