ಗುರುವಾರ ಅರ್ಧ ದಿನ ರಜೆ: ನಮ್ಮ ಗ್ರಾಹಕರಿಗೊಂದು ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ವಿಷಯ ಮೊದಲು ಹೇಳಿಬಿಡುತ್ತೇವೆ. ಬರುವ ತಿಂಗಳಿಂದ ಪ್ರತಿ ಗುರುವಾರ ಬೆಳಿಗ್ಗೆ 11ರ ನಂತರ ನಮ್ಮ ಸಂಘದ ಕಾಫಿ ಪುಡಿ ಘಟಕಕ್ಕೂ ಅಂಗಡಿಗೂ ರಜೆ. ಶುಕ್ರವಾರ ಹೊರಡುತ್ತಿದ್ದ ಪಾರ್ಸೆಲ್ ಇನ್ನು ಶನಿವಾರ ಹೊರಡುತ್ತದೆ. ಅರ್ಧ ಕಿಲೋ ಕಾಫಿ ಪುಡಿಗೆ 8 ರೂಪಾಯಿ ಜಾಸ್ತಿ. ಕರಿಮೆಣಸು, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿರಸ), ಉಪ್ಪಿನಕಾಯಿಯ ಬೆಲೆ ಹಾಗೇ ಇದೆ.

ಯಾಕೆ ಅಂತ ಹೇಳಬೇಕಲ್ಲ. ಕೆಲವು ತಿಂಗಳ ಹಿಂದೆ ಮೈಸೂರಿನ ಗ್ರಾಹಕರೊಬ್ಬರು ಫೋನ್ ಮಾಡಿ, "ನಿಮ್ಮಲ್ಲಿ ಕೆಲಸ ಮಾಡುವವರೆಲ್ಲ ಲಸಿಕೆ ಹಾಕಿಸಿಕೊಂಡಿದ್ದಾರಾ?" ಎಂದು ಕೇಳಿದರು. ಕೊರೊನಾ ಕಾಲದಿಂದ ಈ ಪ್ರಶ್ನೆ ಆಗಾಗ ಬರುತ್ತಿತ್ತು, ನಾವೂ ಸುಮ್ನೆ "ಹೂಂ" ಅನ್ನುತ್ತಿದ್ದೆವು. ಈ ಸಲ ಫೈಲು ತೆಗೆದು ನೋಡಿದೆವು. ತಿನ್ನುವ ಪದಾರ್ಥ ಮುಟ್ಟುವವರಿಗೆ ವರ್ಷಕ್ಕೊಮ್ಮೆ ವೈದ್ಯರ ತಪಾಸಣೆ ಆಗಬೇಕು, ಟೈಫಾಯ್ಡ್ ಗುಂಪಿನ ಜ್ವರಗಳಿಗೆ ಲಸಿಕೆ ಆಗಿರಬೇಕು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮವೇ ಹೇಳುತ್ತದೆ. ನಮ್ಮ 14 ಜನರಲ್ಲಿ 5 ಜನರ ಕಾಗದ ಮಾತ್ರ ಸರಿಯಿತ್ತು. ಕಾಫಿ ಪುಡಿ ಹೇಗೂ ಕುದಿಯುವ ನೀರಿಗೆ ಬೀಳುತ್ತದೆ ಎನ್ನಬಹುದು. ಉಪ್ಪಿನಕಾಯಿ ಹಾಗಲ್ಲ, ನಮ್ಮ ಕೈಯಿಂದ ನೇರ ನಿಮ್ಮ ತಟ್ಟೆಗೆ ಬರುತ್ತದೆ.

ಉಳಿದವರು ಸೂಜಿಗೆ ಹೆದರಿದ್ದಾರೆ ಅಂದುಕೊಂಡೆವು. ಎಲ್ಲರ ಜೊತೆ ಕೂತು ಮಾತಾಡಿದಾಗ ಬೇರೆಯೇ ತಿಳಿಯಿತು. ಇವರಲ್ಲಿ ಹೆಚ್ಚಿನವರು ನಮ್ಮ ಕೊಡಗಿನ ಸಿದ್ದಾಪುರ, ಅಮ್ಮತ್ತಿ ಕಡೆಯ ತೋಟಗಳ ಲೈನ್ ಮನೆಯವರು, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ ಇರುವವರು. ಕತ್ತಲಲ್ಲೇ ಹೊರಡೋಣ ಎಂದರೆ ದಾರಿಯಲ್ಲಿ ಆನೆ. ಬೆಳಕಾದ ಮೇಲೆ ಬಸ್ಸು ಹಿಡಿದು, ಚೀಟಿ ಮಾಡಿಸಿ, ಸಾಲಲ್ಲಿ ನಿಂತರೆ ಆ ದಿನದ ಹಾಜರಿ ಹೋಯಿತು. ಕೆಲಸ ಮುಗಿಸಿ ಹೋಗುವಷ್ಟರಲ್ಲಿ ಡಾಕ್ಟರು ಹೊರಟುಹೋಗಿರುತ್ತಾರೆ. ಮಳೆಗಾಲದ ಮಾತಂತೂ ಬೇಡವೇ ಬೇಡ. ಮರುದಿನ ಕೈ ಊದಿ ಜ್ವರ ಬಂದರೆ ಇನ್ನೊಂದು ಹಾಜರಿ. ಒಂದು ಚುಚ್ಚುಮದ್ದಿಗೆ ಎರಡು ದಿನದ ಕೂಲಿ! ಆ ಕೂಲಿ ಹಿಡಿಯುತ್ತಿದ್ದವರು ನಾವೇ ಅಲ್ವಾ?

ಅದಕ್ಕೇ ಈ ಗುರುವಾರದ ಏರ್ಪಾಡು. ನಮ್ಮ ಕಡೆಯ ಆರೋಗ್ಯ ಕೇಂದ್ರದಲ್ಲಿ ಮಕ್ಕಳ ಲಸಿಕೆಗೂ ಅದೇ ದಿನ. ಬಾಡಿಗೆ ಜೀಪು ಸಂಘದ್ದು, ಕೂಲಿ ಪೂರ್ತಿ, ಮರುದಿನ ಜ್ವರ ಬಂದರೆ ಆ ರಜೆಗೂ ಕೂಲಿ. ಟೈಫಾಯ್ಡ್ ಲಸಿಕೆಯನ್ನು ಸಂಘವೇ ದುಡ್ಡು ಕೊಟ್ಟು ಹಾಕಿಸುತ್ತದೆ. ನಿಮ್ಮ 8 ರೂಪಾಯಿ ಹೋಗುವುದು ಇಲ್ಲಿಗೇ. ಲಸಿಕೆಗೇ ಅಂತಲ್ಲ, ಬಿಪಿ ನೋಡಿಸುವವರೂ ಹಲ್ಲುನೋವಿನವರೂ ಅದೇ ಜೀಪಿನಲ್ಲಿ ಹೋಗಿಬರಬಹುದು.

ಏರ್ಪಾಡು ಶುರುವಾಗುವ ಮೊದಲೇ ಒಂದು ಗುರುವಾರ ಹೋಗಿ ನೋಡಿದಾಗ ಕೇಂದ್ರದ ನರ್ಸ್ ಒಂದು ತಪ್ಪು ತಿದ್ದಿದರು. ಧನುರ್ವಾಯು ತುಕ್ಕಿನಿಂದ ಬರುತ್ತದೆ ಎಂದೇ ನಾವೆಲ್ಲ ನಂಬಿದ್ದೆವು. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಸಗಣಿಯಲ್ಲಿ. ಹೊಳೆಯುವ ಹೊಸ ಕತ್ತಿ ತಾಗಿದರೂ ಗಾಯಕ್ಕೆ ಮಣ್ಣು ಸೇರಿದರೆ ಅಪಾಯವೇ. ಧನುರ್ವಾಯುವಿಗೆ ಕೊಡುತ್ತಿದ್ದ ಹಳೆಯ ಟಿಟಿ ಚುಚ್ಚುಮದ್ದಿನ ಬದಲು ಈಗ ಟಿಡಿ ಎಂಬ ಲಸಿಕೆ ಕೊಡುತ್ತಾರೆ, ಅದು ಡಿಫ್ತೀರಿಯಾ ಎಂಬ ಗಂಟಲು ರೋಗವನ್ನೂ ತಡೆಯುತ್ತದೆ. ಅಸ್ಸಾಂನಿಂದ ಬಂದ ದಂಪತಿಯೊಬ್ಬರು ಇಲ್ಲಿಯ ರೇಷನ್ ಕಾರ್ಡ್ ಇಲ್ಲವೆಂದು ಮಗುವಿನ 9ನೇ ತಿಂಗಳ ದಡಾರ-ರುಬೆಲ್ಲಾ ಲಸಿಕೆ ಬಿಟ್ಟಿದ್ದರು. ಮಕ್ಕಳ ಲಸಿಕೆಗೆ ಆ ಕಾರ್ಡ್ ಬೇಕಿಲ್ಲ. ಅದನ್ನು ಅವರಿಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಒಬ್ಬ ಅಕ್ಕ ಮಾತ್ರ ಒಪ್ಪಿಲ್ಲ. ಹಿಂದೊಮ್ಮೆ ಚುಚ್ಚಿಸಿಕೊಂಡ ಜಾಗ ಕೀವಾಗಿ ತಿಂಗಳುಗಟ್ಟಲೆ ನರಳಿದ್ದರಂತೆ. ಅವರನ್ನು ತೆಗೆದುಹಾಕಿ ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ನಮಗೆ ಅದು ಸರಿ ಕಾಣಲಿಲ್ಲ. ಈಗ ಅವರು ಹುರಿಯುವ ಮೊದಲಿನ ಕಾಫಿ ಬೀಜ ಆರಿಸುತ್ತಾರೆ, ಸಂಬಳ ಅದೇ. ಡಾಕ್ಟರ ಹತ್ತಿರ ಒಮ್ಮೆ ಮಾತಾಡಲು ಒಪ್ಪಿದ್ದಾರೆ, ನೋಡೋಣ.

ಪ್ಯಾಕೆಟ್ ಮೇಲೆ "ಎಲ್ಲರಿಗೂ ಲಸಿಕೆ ಆಗಿದೆ" ಎಂದು ಅಚ್ಚು ಹಾಕಿ ಎಂದವರಿದ್ದಾರೆ. ಹಾಕುವುದಿಲ್ಲ. ಯಾರಿಗೆ ಯಾವ ಲಸಿಕೆ ಆಗಿದೆ ಎಂದು ಫೋನಿನಲ್ಲೂ ಹೇಳುವುದಿಲ್ಲ, ಅದು ಅವರವರ ವಿಷಯ. ಟೈಫಾಯ್ಡ್ ಲಸಿಕೆ ನೂರಕ್ಕೆ ನೂರು ಕಾಯುವುದೂ ಇಲ್ಲ. ಆದ್ದರಿಂದ ಸೋಪು, ಕುದಿಸಿದ ನೀರು, ಭೇದಿ ಆದವರಿಗೆ ಕೂಲಿ ಸಹಿತ ರಜೆ, ಎಲ್ಲವೂ ಮುಂದುವರಿಯುತ್ತವೆ.

ವಾರದ ಕೊನೆಗೆ ಪುಡಿ ಬೇಕಾದವರು ದಯವಿಟ್ಟು ಒಂದು ವಾರ ಮುಂಚೆ ತಿಳಿಸಿ. ಈಗಾಗಲೇ ದುಡ್ಡು ಕಟ್ಟಿದವರಿಗೆ ಹಳೆಯ ಬೆಲೆಯೇ. ಗುರುವಾರ ಫೋನ್ ಎತ್ತದಿದ್ದರೆ ಬೇಸರ ಬೇಡ, ಜೀಪಿನಲ್ಲಿರುತ್ತೇವೆ.

ಇಂತಿ,
ಕಾರ್ಯದರ್ಶಿ, ಸಂಘದ ಎಲ್ಲ ಸದಸ್ಯರ ಪರವಾಗಿ
ವಿರಾಜಪೇಟೆ ತಾಲೂಕು, ಕೊಡಗು