ಚಿಹ್ನೆಗೆ ಒಪ್ಪಿಗೆ ಸಿಕ್ಕಿತು, ಎಲ್ಲರಿಗೂ ಥ್ಯಾಂಕ್ಸ್, ಅಕ್ಕನಿಗೆ ಸ್ವಲ್ಪ ಜಾಸ್ತಿ

ಸೂಲಗಿತ್ತಿಯರ ಸಂಘದ ಸಭೆಯಲ್ಲಿ ನಾನು ಬರೆದ ಹೊಸ ಚಿಹ್ನೆಗೆ ಒಪ್ಪಿಗೆ ಸಿಕ್ಕಿದ್ದು ನಿಮಗೆಲ್ಲ ಗೊತ್ತೇ ಇದೆ. ಫೋನ್ ಮಾಡಿದವರಿಗೆ, ಮೆಸೇಜ್ ಕಳಿಸಿದವರಿಗೆ ಒಬ್ಬೊಬ್ಬರಿಗೇ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕೆಲಸ ಮಧ್ಯದಲ್ಲಿ ಯಾಕೆ ನಿಂತಿತು, ಆ ತಿಂಗಳುಗಳಲ್ಲಿ ನಮ್ಮ ಮನೆಯಲ್ಲಿ ಏನಾಯಿತು, ಅದನ್ನೆಲ್ಲ ಮತ್ತೆ ಹೇಳುವುದಿಲ್ಲ. ಗೊತ್ತಿರುವವರಿಗೆ ಗೊತ್ತು. ಗೊತ್ತಿಲ್ಲದವರು ಇಷ್ಟು ತಿಳಿದುಕೊಂಡರೆ ಸಾಕು: ನಮಗೊಂದು ಮಗು ಬರಬೇಕಿತ್ತು, ಉಳಿಯಲಿಲ್ಲ.

ಸಮಿತಿಯವರಿಗೆ, ವೋಟು ಹಾಕಿದ ಸದಸ್ಯರಿಗೆ, ಬಣ್ಣದ ಬಗ್ಗೆ ಕೊನೆಯ ಗಳಿಗೆವರೆಗೂ ಜಗಳ ಆಡಿದವರಿಗೆ, ಎಂಬ್ರಾಯಿಡರಿ ಮಾಡುವ ಅಣ್ಣನಿಗೆ, ಅಚ್ಚು ಹಾಕಿದವರಿಗೆ, ನಾನು ಕೆಲಸ ಬಿಟ್ಟು ಕೂತಿದ್ದಾಗ ನನ್ನ ಬೇರೆ ಕೆಲಸಗಳನ್ನೆಲ್ಲ ಸದ್ದಿಲ್ಲದೆ ಮುಗಿಸಿಕೊಟ್ಟ ಗೆಳತಿಯರಿಗೆ, ಎಲ್ಲರಿಗೂ ಮನಸಾರೆ ಥ್ಯಾಂಕ್ಸ್.

ಹುಡುಕಾಟದ ದಿನಗಳಲ್ಲಿ ಒಬ್ಬೊಬ್ಬರು ಒಂದೊಂದು ಸಂಗತಿ ಹೇಳಿಕೊಟ್ಟಿದ್ದೀರಿ. ನನ್ನ ಕೆಲಸ ನಿಂತಿದ್ದು ಅವುಗಳ ಮೇಲೆ, ಆದ್ದರಿಂದ ಅವನ್ನೂ ಹೇಳಬೇಕು. ಹಾವು, ಕೋಲು ಇರಲಿ ಅಂತ ನಾನು ಒಂದು ಚಿತ್ರ ತಂದಾಗ ಹಿರಿಯರೊಬ್ಬರು ತಡೆದರು. ವೈದ್ಯರ ನಿಜವಾದ ಗುರುತು ಗ್ರೀಕರ ವೈದ್ಯದೇವತೆ ಅಸ್ಕ್ಲೇಪಿಯಸ್‌ನ ಕೋಲು, ಅದಕ್ಕೆ ಸುತ್ತಿಕೊಂಡಿರುವುದು ಒಂದೇ ಹಾವು. ಎರಡು ಹಾವು, ಮೇಲೆ ರೆಕ್ಕೆ ಇರುವುದು ಹರ್ಮಿಸ್‌ನ ಕೋಲು, ಅವನು ವ್ಯಾಪಾರಿಗಳ ದೇವರು. 1902ರಲ್ಲಿ ಅಮೆರಿಕದ ಸೇನೆಯ ವೈದ್ಯಕೀಯ ದಳ ಈ ಎರಡನೆಯದನ್ನು ತನ್ನ ಗುರುತು ಮಾಡಿಕೊಂಡಿತು. ಇವತ್ತಿಗೂ ಎಷ್ಟೋ ಕಡೆ ಎರಡನ್ನೂ ಒಂದೇ ಅಂತ ಬಳಸುತ್ತಾರೆ. ಕೆಂಪು ಶಿಲುಬೆ ಹಾಕೋಣ ಅಂದಾಗ ವಕೀಲರೊಬ್ಬರು ಅದು ಜಿನೀವಾ ಒಪ್ಪಂದಗಳ ರಕ್ಷಣೆಯಲ್ಲಿದೆ, ಯಾರು ಬೇಕಾದರೂ ಬಳಸುವ ಹಾಗಿಲ್ಲ ಅಂತ ತಿಳಿಸಿದರು.

ನನ್ನ ಮನಸ್ಸಿನಲ್ಲಿ ಜಾಸ್ತಿ ನಿಂತದ್ದು ದೀಪದ ಸಂಗತಿ. ನರ್ಸ್‌ಗಳ ಬ್ಯಾಡ್ಜ್‌ಗಳಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರ ನೆನಪಿಗೆ ಮೂತಿ ಇರುವ ಎಣ್ಣೆದೀಪ ಇರುತ್ತದೆ ಅಲ್ವಾ. ಕ್ರಿಮಿಯಾ ಯುದ್ಧದ ಕಾಲದಲ್ಲಿ, ಟರ್ಕಿಯ ಸ್ಕುಟಾರಿ ಅನ್ನುವ ಊರಿನ ಆಸ್ಪತ್ರೆಯಲ್ಲಿ ಅವರು ಹಿಡಿದು ಓಡಾಡಿದ್ದು ಆ ತರಹದ ದೀಪವೇ ಅಲ್ಲ, ಮಡಚಬಹುದಾದ ಟರ್ಕಿಯ ಲಾಟೀನು. ಇದನ್ನು ಹೇಳಿದ ಹುಡುಗಿ ಸಮಿತಿಯಲ್ಲೇ ಚಿಕ್ಕವಳು. ಚಿಹ್ನೆ ಒಂದು ಸಲ ಸಾವಿರಾರು ಜನರ ಎದೆಯ ಮೇಲೆ ಕೂತರೆ ಆಮೇಲೆ ತಿದ್ದುವುದು ಕಷ್ಟ, ಹಾಗಾಗಿ ನಾವು ಬರೆಯುವ ವಸ್ತು ನಿಜವಾಗಿ ಕೈಯಲ್ಲಿದ್ದ ವಸ್ತುವೇ ಆಗಿರಲಿ ಅಂತ ಅವಳು ಹಟ ಹಿಡಿದಳು. ಅವಳ ಹಟ ನಮ್ಮನ್ನು ಕಾಪಾಡಿತು.

ಈಗ ಅಕ್ಕನ ಬಗ್ಗೆ.

ಹೆಸರು ಬರೆಯಬೇಡ ಅಂತ ಅವರೇ ಹೇಳಿದ್ದಾರೆ. ಸೂಲಗಿತ್ತಿಯ ಕೆಲಸದಿಂದ ನಿವೃತ್ತರಾಗಿ ಎಷ್ಟೋ ವರ್ಷ ಆಗಿದೆ. ನನಗೂ ಸಮಿತಿಗೂ ನಡುವೆ ಮಾತಾಡಲಿ ಅಂತ ಸಂಘದವರು ಅವರನ್ನು ನೇಮಿಸಿದ್ದರು, ನಮ್ಮಿಬ್ಬರ ಪರಿಚಯ ಇದ್ದದ್ದು ಅಷ್ಟೇ. ನಮ್ಮ ನೆಂಟರಲ್ಲ, ನನ್ನ ಹೆರಿಗೆ ನೋಡಬೇಕಾದವರೂ ಅಲ್ಲ. ಆ ಸಂಜೆ ಯಾವುದೋ ಸ್ಕೆಚ್ ವಿಷಯ ಕೇಳಲು ಫೋನ್ ಮಾಡಿದ್ದರು. ನನ್ನ ಗಂಡ ಎತ್ತಿದ. ಅವನ ದನಿ ಕೇಳಿ, ಯಾವ ಆಸ್ಪತ್ರೆ ಅಂತ ಒಂದೇ ಮಾತು ಕೇಳಿ, ಹೊರಟು ಬಂದುಬಿಟ್ಟರು.

ಬಂದವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಬೆಳಗಾಗುವವರೆಗೂ ಕೂತೇ ಇದ್ದರು. ಆಸ್ಪತ್ರೆಯವರು ಅವರ ಕೆಲಸ ಮಾಡುತ್ತಿದ್ದರು, ಅಕ್ಕ ಅದಕ್ಕೆ ಅಡ್ಡ ಹೋಗಲಿಲ್ಲ. ನೋವು ಬಂದಾಗ ಸೊಂಟ ಒತ್ತುತ್ತಿದ್ದರು, ಹೋದಾಗ ಕೈ ಬೆನ್ನ ಮೇಲೆ ಸುಮ್ನೆ ಇರುತ್ತಿತ್ತು. ಮುಂದೆ ಏನಾಗುತ್ತದೆ ಅಂತ ಆಗುವ ಮೊದಲೇ ಹೇಳುತ್ತಿದ್ದರು, ಮೆತ್ತಗೆ, ಸುಳ್ಳು ಬೆರೆಸದೆ. ಇನ್ನೂ ವಯಸ್ಸಿದೆ ಅನ್ನಲಿಲ್ಲ. ಎಲ್ಲ ಒಳ್ಳೆಯದಕ್ಕೇ ಅಂತಲೂ ಅನ್ನಲಿಲ್ಲ. ಬಂದವರೆಲ್ಲ ನನ್ನ ಗಂಡನಿಗೆ "ಹೆಂಡತೀನ ನೋಡ್ಕೋ" ಅಂದು ಹೋಗುತ್ತಿದ್ದರು. ಅಕ್ಕ ಅವನಿಗೂ ಒಂದು ಕುರ್ಚಿ ಹಾಕಿಸಿ, "ನೀನು ಊಟ ಮಾಡಿದ್ಯಾಪ್ಪ?" ಅಂತ ಕೇಳಿದರು. ಅವನು ಆ ದಿನ ಅತ್ತಿದ್ದು ಆಗಲೇ.

ಕೊನೆಗೆ "ನೋಡ್ತೀಯಾ?" ಅಂದರು. ಬೇಡ ಅಂದೆ. "ಸರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು ಅದೇ ದನಿಯಲ್ಲಿ ಇನ್ನೊಮ್ಮೆ ಕೇಳಿದರು. ಹೂಂ ಅಂದೆ. ಒರೆಸಿ, ಬಟ್ಟೆಯಲ್ಲಿ ಸುತ್ತಿ, ತಲೆಗೆ ಕೈ ಆನಿಸಿ ಹಿಡಿದುಕೊಂಡು ತಂದರು. ಜೀವ ಇರುವ ಮಗುವನ್ನು ಹಿಡಿಯುವ ಹಾಗೇ ಹಿಡಿದಿದ್ದರು. "ಹೆಸರು ಇಟ್ಟಿದ್ದೀರಾ?" ಅಂತ ಕೇಳಿದರು. ಇಟ್ಟಿದ್ದೆವು. ಅಕ್ಕ ಆ ಹೆಸರು ಹಿಡಿದು ಕರೆದರು. ನಮ್ಮಿಬ್ಬರನ್ನು ಬಿಟ್ಟರೆ ಅವಳನ್ನು ಆ ಹೆಸರಿನಿಂದ ಬಾಯಿಬಿಟ್ಟು ಕರೆದವರು ಈ ಪ್ರಪಂಚದಲ್ಲಿ ಅವರೊಬ್ಬರೇ.

ಇದನ್ನು ಬರೆಯುತ್ತಾ ಎದ್ದು ಹೋಗಿ ಬಂದೆ. ಮುಂದುವರಿಸುತ್ತೇನೆ.

ಆ ರಾತ್ರಿಯಿಂದಲೇ ಚಿಹ್ನೆ ಹುಟ್ಟಿತು ಅಂತ ಕೆಲವರು ಪ್ರೀತಿಯಿಂದ ಹೇಳುತ್ತಿದ್ದೀರಿ. ಅದು ಹಾಗಾಗಲಿಲ್ಲ. ತುಂಬಾ ದಿನ ನಾನು ಪೆನ್ಸಿಲ್ ಮುಟ್ಟಲಿಲ್ಲ, ಆ ರಾತ್ರಿಯನ್ನು ಯಾವ ಕೆಲಸಕ್ಕೂ ಬಳಸುವ ಮನಸ್ಸೂ ಇರಲಿಲ್ಲ. ವಾಪಸ್ ಬಂದಾಗ ನನ್ನ ಹಳೆಯ ಸ್ಕೆಚ್‌ಗಳು ಮೇಜಿನ ಮೇಲಿದ್ದವು. ಒಂದು ಬಿಡದೆ ಎಲ್ಲದರಲ್ಲೂ ಮಗು ಇತ್ತು. ಕೈಯಲ್ಲಿ ಮಗು, ಎಲೆಯೊಳಗೆ ಮಗು, ಸುತ್ತಿದ ಬಟ್ಟೆಯೊಳಗೆ ಮಗು. ಸಮಿತಿಯವರು ನನಗೆ ನೋವಾಗಬಾರದು ಅಂತ, ಮಗುವನ್ನು ತೆಗೆದುಬಿಡೋಣ ಅಂದರು. ಅವರ ಮನಸ್ಸು ಒಳ್ಳೆಯದು, ಅದಕ್ಕೂ ನಾನು ಋಣಿ. ಆದರೆ ಅಕ್ಕ ಒಪ್ಪಲಿಲ್ಲ. "ಇವಳಿಗೋಸ್ಕರ ತೆಗೆಯೋದಾದ್ರೆ ಬೇಡ. ಇದು ಇವಳ ಚಿಹ್ನೆ ಅಲ್ಲ, ನಮ್ಮ ಕೆಲಸದ್ದು. ನಮ್ಮ ಕೆಲಸ ಏನು ಅಂತ ಮೊದಲು ಹೇಳಿ" ಅಂದರು.

ಆಮೇಲೆ ನಡೆದದ್ದು ನಾನು ಕೂತು ಕೇಳಿದ ಅತ್ಯಂತ ಒಳ್ಳೆಯ ಮಾತುಕತೆ. ಸೂಲಗಿತ್ತಿ ಮಗುವಿಗಿಂತ ಮೊದಲು ಬರುತ್ತಾಳೆ, ಮಗು ಬಂದ ಮೇಲೂ ಇರುತ್ತಾಳೆ, ಮಗು ಅಳದ ರಾತ್ರಿಯಲ್ಲೂ ಇರುತ್ತಾಳೆ ಅಂತ ಒಬ್ಬರು ಅಂದರು. ಇನ್ನೊಬ್ಬರು ಅಬಿಡೋಸ್‌ನ ಇಟ್ಟಿಗೆಯ ವಿಷಯ ತೆಗೆದರು. ಹಳೆಯ ಈಜಿಪ್ಟ್‌ನಲ್ಲಿ ಹೆಂಗಸರು ಇಟ್ಟಿಗೆಗಳ ಮೇಲೆ ಕುಕ್ಕರಗಾಲಿನಲ್ಲಿ ಕೂತು ಹೆರುತ್ತಿದ್ದರಂತೆ, ಅಂಥ ಒಂದು ಇಟ್ಟಿಗೆ 2001ರಲ್ಲಿ ಅಗೆತದಲ್ಲಿ ಸಿಕ್ಕಿತು, ಸುಮಾರು 3,700 ವರ್ಷ ಹಳೆಯದು. ಅದರ ಮೇಲಿನ ಚಿತ್ರದಲ್ಲಿ ತಾಯಿ ಮಗುವನ್ನು ಹಿಡಿದು ಕೂತಿದ್ದಾಳೆ, ಎರಡೂ ಪಕ್ಕದಲ್ಲಿ ಹೆಂಗಸರಿದ್ದಾರೆ. "ನಾವು ಆ ಪಕ್ಕದಲ್ಲಿರುವವರು. ನಮ್ಮನ್ನ ಬರಿ" ಅಂದರು ಅಕ್ಕ.

ಪಕ್ಕದಲ್ಲಿರುವವರನ್ನು ಬರೆಯುವುದು ಹೇಗೆ? ನನಗೆ ದಾರಿ ಸಿಕ್ಕಿದ್ದು ಅಕ್ಕನ ಹಳೆಯ ಚೀಲದೊಳಗಿದ್ದ ಪಿನಾರ್ಡ್‌ನಿಂದ. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಕೇಳುವ ಮರದ ಪುಟ್ಟ ಕೊಳವೆ. ಫ್ರಾನ್ಸಿನ ಅಡಾಲ್ಫ್ ಪಿನಾರ್ಡ್ ಅನ್ನುವ ವೈದ್ಯರು 1895ರಲ್ಲಿ ಮಾಡಿದ್ದು. ಅಗಲ ಬಾಯಿ ಬಸುರಿಯ ಹೊಟ್ಟೆಯ ಮೇಲೆ, ಇನ್ನೊಂದು ತುದಿ ಕೇಳುವವಳ ಕಿವಿಗೆ. ಅಕ್ಕ ತೋರಿಸಿಕೊಟ್ಟರು: ಕಿವಿ ಇಟ್ಟ ಮೇಲೆ ಕೊಳವೆಯಿಂದ ಕೈ ತೆಗೆಯಬೇಕು, ಇಲ್ಲವಾದರೆ ಬೆರಳಿನ ಸದ್ದು ಬರುತ್ತದೆ. ಆಗ ಅದು ನಿಲ್ಲುವುದು ಹೊಟ್ಟೆ ಮತ್ತು ಕಿವಿಯ ನಡುವಿನ ಒತ್ತಡದಿಂದ ಮಾತ್ರ. ಬಿಡುವಾದ ಕೈ ತಾಯಿಯ ನಾಡಿ ಹಿಡಿಯುತ್ತದೆ, ಕೇಳುತ್ತಿರುವ ಬಡಿತ ತಾಯಿಯದೋ ಮಗುವಿನದೋ ಅಂತ ಖಚಿತ ಮಾಡಿಕೊಳ್ಳಲು. ಮಗುವಿನ ಎದೆಬಡಿತ ನಿಮಿಷಕ್ಕೆ 110ರಿಂದ 160ರೊಳಗೆ ಇರಬೇಕು. ಇಷ್ಟೆಲ್ಲ ಕೇಳಬೇಕಾದರೆ ಬಗ್ಗಲೇಬೇಕು, ಉಸಿರು ಬಿಗಿಹಿಡಿದು ಹತ್ತಿರ ಇರಲೇಬೇಕು. ಇವತ್ತು ಡಾಪ್ಲರ್ ಅನ್ನುವ, ಬಡಿತವನ್ನು ಜೋರಾಗಿ ಕೇಳಿಸುವ ಯಂತ್ರ ಇದೆ, ಅದರಿಂದ ತಾಯಿಗೂ ಬಡಿತ ಕೇಳಿಸುತ್ತದೆ, ಅದು ಬಹಳ ಒಳ್ಳೆಯದು. ಆದರೆ ಆ ಬಗ್ಗಿದ ಭಂಗಿ ನೋಡಿದಾಗ ಚಿಹ್ನೆ ಅದರೊಳಗೇ ಇದೆ ಅಂತ ನನಗೆ ಅನ್ನಿಸಿತು.

ಇದಕ್ಕೂ ತಕರಾರು ಬಂತು, ಬಂದದ್ದು ಒಳ್ಳೆಯದೇ ಆಯಿತು. ಇದನ್ನು ಕಂಡುಹಿಡಿದವರು ಒಬ್ಬ ಗಂಡಸು, ಅದರಲ್ಲೂ ಡಾಕ್ಟರು, ನಮ್ಮ ಸಾವಿರಾರು ವರ್ಷದ ಪರಂಪರೆಗೆ ಅವರ ಉಪಕರಣ ಯಾಕೆ ಗುರುತಾಗಬೇಕು ಅಂತ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. 2023ರಲ್ಲಿ ಯುನೆಸ್ಕೋ ಸೂಲಗಿತ್ತಿಯರ ಅರಿವು ಮತ್ತು ಕೌಶಲವನ್ನು ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ತಾನೇ ನಮ್ಮ ಸಂಘದಲ್ಲೂ ಚಿಹ್ನೆಯ ಮಾತು ಶುರುವಾಗಿದ್ದು. ಆ ಪಟ್ಟಿಯಲ್ಲಿರುವುದು ಒಬ್ಬರಿಂದ ಒಬ್ಬರು ನೋಡಿ ಕಲಿತ ಕೆಲಸ. ಅಕ್ಕ ಸ್ವಲ್ಪ ಹೊತ್ತು ಯೋಚಿಸಿ, "ಕೊಳವೆ ಬರೋಕ್ಕೆ ಮುಂಚೆ ಬರೀ ಕಿವಿ ಇತ್ತು. ಬಗ್ಗೋದು ಆಗಲೂ ಇತ್ತು" ಅಂದರು.

ಹಾಗಾಗಿ ಕೊಳವೆಯ ಚಿತ್ರ ಹೋಯಿತು. ಈಗ ನೀವು ನೋಡುತ್ತಿರುವುದು ಎರಡು ಬಾಗಿದ ಗೆರೆ, ಕೆಳಗಿನದು ಹೊಟ್ಟೆ, ಮೇಲಿನದು ಬಗ್ಗಿದ ತಲೆ ಮತ್ತು ಬೆನ್ನು, ಎರಡನ್ನೂ ಸೇರಿಸುವ ಒಂದು ಚಿಕ್ಕ ಗೆರೆ. ಪಿನಾರ್ಡ್ ಗೊತ್ತಿರುವವರಿಗೆ ಅದು ಪಿನಾರ್ಡ್. ಗೊತ್ತಿಲ್ಲದವರಿಗೆ ಹತ್ತಿರ ಬಂದ ಇಬ್ಬರು. ಮಗು ಇದೆಯೋ ಇಲ್ಲವೋ ಅಂತ ಚಿಹ್ನೆ ಹೇಳುವುದಿಲ್ಲ. ಮೂರು ಗೆರೆಯಲ್ಲಿ ನಿಲ್ಲಿಸಿದ್ದಕ್ಕೆ ಬೇರೆ ಕಾರಣವೂ ಇದೆ, ಬ್ಯಾಡ್ಜ್‌ನಷ್ಟು ಚಿಕ್ಕದಾದಾಗಲೂ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳಬಾರದು, ಜೆರಾಕ್ಸ್ ಮಾಡಿದರೂ ಅಳಿಯಬಾರದು, ದಾರದಲ್ಲಿ ಹೊಲಿದರೂ ಉಳಿಯಬೇಕು. ಮೊದಲ ಹೊಲಿಗೆಯಲ್ಲಿ ಚಿಕ್ಕ ಗೆರೆ ದಾರದ ಗಂಟಿನೊಳಗೆ ಮುಚ್ಚಿಹೋಗಿತ್ತು. ಎಂಬ್ರಾಯಿಡರಿ ಅಣ್ಣ ಅದನ್ನು ಒಂದು ಕೂದಲಿನಷ್ಟು ದಪ್ಪ ಮಾಡಿ, ಎರಡೂ ತುದಿಯಲ್ಲಿ ಜಾಗ ಬಿಡಿಸಿ ಸರಿಮಾಡಿದರು.

ನನ್ನ ಗಂಡನಿಗೆ ಇಲ್ಲಿ ಥ್ಯಾಂಕ್ಸ್ ಬರೆದರೆ ಅವನು ಬೇಜಾರು ಮಾಡಿಕೊಳ್ಳುತ್ತಾನೆ, ಅದನ್ನು ಮನೆಯಲ್ಲೇ ಹೇಳುತ್ತೇನೆ. ಅಮ್ಮ, ಆ ತಿಂಗಳುಗಳಲ್ಲಿ ಏನೂ ಕೇಳದೆ ಜೊತೆಗಿದ್ದೆ. ನಿನಗೂ ಥ್ಯಾಂಕ್ಸ್.

ಅಕ್ಕ, ನೀವು ಇದನ್ನು ಓದಿದರೆ ಇಷ್ಟೆಲ್ಲ ಯಾಕೆ ಬರೆದೆ ಅಂತ ಗದರುತ್ತೀರಿ ಅಂತ ಗೊತ್ತು. ಗದರಿ. ಆ ರಾತ್ರಿ ನಿಮಗೆ ಒಂದು ಮಾತು ಹೇಳುವ ಶಕ್ತಿಯೂ ನನಗೆ ಇರಲಿಲ್ಲ, ಆಮೇಲೆ ಹೇಗೆ ಹೇಳಬೇಕು ಅಂತ ತಿಳಿಯಲಿಲ್ಲ. ನೀವು ಬಂದಿರಿ. ಎದ್ದು ಹೋಗಲಿಲ್ಲ. ಅವಳನ್ನು ಹೆಸರು ಹಿಡಿದು ಕರೆದಿರಿ. ನಾನು ಇರುವವರೆಗೂ ಇದನ್ನು ಮರೆಯುವುದಿಲ್ಲ.

ಸದಸ್ಯರಿಗೆ ಒಂದು ವಿಷಯ. ಚಿಹ್ನೆಯ ಫೈಲುಗಳನ್ನು ಕಾರ್ಯದರ್ಶಿಯವರಿಗೆ ಕೊಟ್ಟಿದ್ದೇನೆ, ಅಚ್ಚಿಗೆ ಬೇರೆ, ಹೊಲಿಗೆಗೆ ಬೇರೆ. ತೋಳಿನ ಮೇಲೆ ಹೊಲಿಸುವವರು ದಯವಿಟ್ಟು ಹೊಲಿಗೆಯ ಫೈಲನ್ನೇ ಕೊಡಿ, ಗಾಢ ಬಟ್ಟೆಯಾದರೆ ಬಿಳಿ ದಾರ, ತಿಳಿ ಬಟ್ಟೆಯಾದರೆ ಕಡು ನೀಲಿ. ಮೇಲಿನ ಗೆರೆಯನ್ನು ನೆಟ್ಟಗೆ ಮಾಡಿಸಬೇಡಿ, ಬಗ್ಗಿದ್ದು ಬಗ್ಗಿದ ಹಾಗೇ ಇರಲಿ. ಏನಾದರೂ ಕೇಳಬೇಕಿದ್ದರೆ ನನಗೆ ಬರೆಯಿರಿ, ಈ ಸಲ ಬೇಗ ಉತ್ತರ ಕೊಡುತ್ತೇನೆ.